ವಿದೇಶದ ಕನಸು, ಊರಿನ ಶಾಲೆ: ಯಾವ ಅಧ್ಯಾಪನ ಅರ್ಹತೆ ಎಲ್ಲಿಗೆ ಸಲ್ಲುತ್ತದೆ?

ಪ್ಲಸ್ ಟು ಫಲಿತಾಂಶ ಪ್ರಕಟವಾದೊಡನೆ ಕಾಸರಗೋಡು, ಮಂಜೇಶ್ವರ ತಾಲೂಕುಗಳ ಕನ್ನಡ ಮನೆಗಳಲ್ಲಿ ಒಂದು ಪರಿಚಿತ ಮಾತು ಮರುಕಳಿಸುತ್ತದೆ: "ಟೀಚರ್ ಆಗಲಿ, ಊರಿನಲ್ಲಿದ್ದರೂ ಆಯಿತು, ಗಲ್ಫಿಗೆ ಹೋದರೂ ಆಯಿತು." ಹೆಣ್ಣುಮಕ್ಕಳ ವಿಷಯದಲ್ಲಂತೂ ಈ ಮಾತು ತೀರ್ಮಾನವೇ ಆಗಿಬಿಡುತ್ತದೆ. ಅಧ್ಯಾಪನ ಗೌರವದ ವೃತ್ತಿ ಎಂಬುದೂ ಹೊರದೇಶಗಳಲ್ಲಿ ಭಾರತೀಯ ಅಧ್ಯಾಪಕರಿಗೆ ಅವಕಾಶವಿದೆ ಎಂಬುದೂ ನಿಜ. ಆದರೆ ಎರಡಕ್ಕೂ ಒಂದೇ ಅರ್ಹತೆ ಸಾಕೆಂಬ ನಂಬಿಕೆ ತಪ್ಪು. ಹದಿನೆಂಟನೆಯ ವಯಸ್ಸಿನಲ್ಲಿ ಆಯ್ದ ತರಬೇತಿ ಇಪ್ಪತ್ತೈದನೆಯ ವಯಸ್ಸಿನಲ್ಲಿ ಯಾವ ಬಾಗಿಲು ತೆರೆದೀತು, ಯಾವುದು ಮುಚ್ಚೀತು ಎಂಬುದನ್ನು ಹೆತ್ತವರು ಮೊದಲೇ ತಿಳಿದಿರಬೇಕು.

ಮೊದಲು ಊರಿನ ಲೆಕ್ಕ ನೋಡೋಣ. ಕನ್ನಡ ಮಾಧ್ಯಮದ ಎಲ್.ಪಿ. ಶಾಲೆಯಲ್ಲಿ ಕಲಿಸಲು ಬೇಕಾದದ್ದು ಎರಡು ವರ್ಷಗಳ ಡಿ.ಎಲ್.ಎಡ್.; ಹಿರಿಯರ ಬಾಯಲ್ಲಿ ಅದು ಇಂದಿಗೂ ಟಿ.ಟಿ.ಸಿ. ಅದರ ಜೊತೆಗೆ ಕೆ-ಟೆಟ್ ತೇರ್ಗಡೆಯಾಗಬೇಕು. ಬಿ.ಎಡ್. ಪದವಿಯು ಪ್ರಾಥಮಿಕ ತರಗತಿಗಳಿಗೆ ಅರ್ಹತೆಯಾಗದು ಎಂದು ಸುಪ್ರೀಂ ಕೋರ್ಟ್ 2023ರ ಆಗಸ್ಟ್ 11ರ ತೀರ್ಪಿನಲ್ಲಿ ಸ್ಪಷ್ಟಪಡಿಸಿದೆ. ಆದ್ದರಿಂದ ಊರಿನ ಎಲ್.ಪಿ. ಶಾಲೆಯೇ ಗುರಿಯಾದವರಿಗೆ ಡಿ.ಎಲ್.ಎಡ್. ಸರಿಯಾದ ದಾರಿ. ಭಾಷಾ ಅಲ್ಪಸಂಖ್ಯಾತ ಮಕ್ಕಳಿಗೆ ಪ್ರಾಥಮಿಕ ಹಂತದಲ್ಲಿ ಮಾತೃಭಾಷೆಯ ಶಿಕ್ಷಣ ಸಿಗಬೇಕೆಂಬ ಸಂವಿಧಾನದ 350ಎ ವಿಧಿಯ ಆಶಯವು ಉಳಿದಿರುವುದು ಈ ದಾರಿಯಲ್ಲಿ ಬಂದ ಅಧ್ಯಾಪಕರಿಂದಲೇ.

ಇದೇ ಡಿ.ಎಲ್.ಎಡ್. ದೇಶ ದಾಟಿದಾಗ ಬಹಳಷ್ಟು ತೂಕ ಕಳೆದುಕೊಳ್ಳುತ್ತದೆ. ಅದು ಡಿಪ್ಲೊಮಾ, ಹೊರದೇಶಗಳು ಸಾಮಾನ್ಯವಾಗಿ ಕೇಳುವುದು ಪದವಿಯನ್ನೂ ಪದವಿ ಮಟ್ಟದ ತರಬೇತಿಯನ್ನೂ.

ಆಸ್ಟ್ರೇಲಿಯಾದ ಉದಾಹರಣೆ ನೋಡಿ. ವಲಸೆಗಾಗಿ ಅಧ್ಯಾಪಕರ ಅರ್ಹತೆಯನ್ನು ಅಳೆಯುವ ಅಲ್ಲಿನ ಎ.ಐ.ಟಿ.ಎಸ್.ಎಲ್. ಸಂಸ್ಥೆಯು ಒಟ್ಟು ನಾಲ್ಕು ವರ್ಷಗಳ ವಿಶ್ವವಿದ್ಯಾಲಯ ಮಟ್ಟದ ಅಧ್ಯಯನವನ್ನು ಕೇಳುತ್ತದೆ. ಅಧ್ಯಾಪಕ ತರಬೇತಿ ಆ ಅಧ್ಯಯನದ ಭಾಗವಾಗಿರಬೇಕು. ಮೇಲ್ವಿಚಾರಣೆಯಲ್ಲಿ ನಡೆದ ಕನಿಷ್ಠ 45 ದಿನಗಳ ಬೋಧನಾ ಅಭ್ಯಾಸಕ್ಕೆ ದಾಖಲೆಯಿರಬೇಕು. ಐ.ಇ.ಎಲ್.ಟಿ.ಎಸ್. ಪರೀಕ್ಷೆಯಲ್ಲಿ ಓದು, ಬರವಣಿಗೆಗೆ 7, ಮಾತು, ಆಲಿಸುವಿಕೆಗೆ 8 ಅಂಕ ಎಂಬ ಮಟ್ಟ ಸುಲಭದ್ದಲ್ಲ. ಇಂಗ್ಲೆಂಡ್ 2023ರ ಫೆಬ್ರವರಿಯಿಂದ ಭಾರತದಲ್ಲಿ ತರಬೇತಿ ಪಡೆದವರಿಗೂ ನೇರವಾಗಿ ಅಲ್ಲಿನ ಅಧ್ಯಾಪಕ ಮಾನ್ಯತೆಗೆ, ಅಂದರೆ ಕ್ಯೂ.ಟಿ.ಎಸ್.ಗೆ, ಅರ್ಜಿ ಸಲ್ಲಿಸಲು ಅವಕಾಶ ಕೊಟ್ಟಿದೆ. ಆದರೆ ನಮ್ಮವರಿಗೆ ಈ ಬಾಗಿಲು ತೆರೆದಿರುವುದು 11ರಿಂದ 16 ವರ್ಷದ ಮಕ್ಕಳಿಗೆ ಗಣಿತ, ವಿಜ್ಞಾನ ಅಥವಾ ಭಾಷೆ ಕಲಿಸುವ ಅರ್ಹತೆಯುಳ್ಳವರಿಗೆ ಮಾತ್ರ. ತರಬೇತಿಯ ಬಳಿಕ ಕನಿಷ್ಠ ಒಂದು ಶಾಲಾ ವರ್ಷದ ಅನುಭವವೂ ಬೇಕು. ಭಾಷೆ ಎಂದಾಗ ಕನ್ನಡ ಎಂದು ಆಸೆಪಡುವಂತಿಲ್ಲ: ಅಲ್ಲಿನ ಜಿ.ಸಿ.ಎಸ್.ಇ. ಪರೀಕ್ಷೆಯಲ್ಲಿ ಗುಜರಾತಿ, ಬಂಗಾಳಿ, ಪಂಜಾಬಿ, ಉರ್ದು ಇವೆ, ಕನ್ನಡ ಇಲ್ಲ. ಇನ್ನೊಂದು ಮಾತು: ಕ್ಯೂ.ಟಿ.ಎಸ್. ವೀಸಾ ಅಲ್ಲ. ವೀಸಾದ ದಾರಿಯನ್ನು ಬೇರೆಯಾಗಿಯೇ ನೋಡಿಕೊಳ್ಳಬೇಕು.

ನಮ್ಮವರು ಹೆಚ್ಚಾಗಿ ಹೋಗುವ ಯು.ಎ.ಇ.ಯಲ್ಲಿ ಭಾರತೀಯ ಪಠ್ಯಕ್ರಮದ ಶಾಲೆಗಳು ಬಹಳಷ್ಟಿವೆ, ಕೇರಳದ ಎಸ್.ಎಸ್.ಎಲ್.ಸಿ. ಪರೀಕ್ಷಾ ಕೇಂದ್ರಗಳೂ ಇವೆ. ಆ ಶಾಲೆಗಳಲ್ಲಿ ಪದವಿ ಮತ್ತು ಬಿ.ಎಡ್. ಜೋಡಿಗೆ ಬೆಲೆಯಿದೆ. ದುಬೈಯ ಖಾಸಗಿ ಶಾಲೆಗಳು ಕೆ.ಎಚ್.ಡಿ.ಎ., ಅಬುಧಾಬಿಯವು ಎ.ಡಿ.ಇ.ಕೆ. ಎಂಬ ಸರಕಾರಿ ಸಂಸ್ಥೆಗಳ ನಿಯಂತ್ರಣದಲ್ಲಿವೆ. ಶಾಲೆಗೆ ಅಧ್ಯಾಪಕಿ ಮೆಚ್ಚುಗೆಯಾದರೂ ಈ ಸಂಸ್ಥೆಗಳ ಅನುಮೋದನೆ ಸಿಗದೆ ಕೆಲಸ ಕಾಯಂ ಆಗದು.

ಹಾಗಾದರೆ ವಿದೇಶದ ಯೋಚನೆ ಮನಸ್ಸಿನ ಮೂಲೆಯಲ್ಲಾದರೂ ಇರುವವರು ಏನು ಓದಬೇಕು? ಮೂರು ವರ್ಷಗಳ ಪದವಿ, ಅನಂತರ ಎರಡು ವರ್ಷಗಳ ಬಿ.ಎಡ್. ಎಂಬುದು ಗಟ್ಟಿಯಾದ ದಾರಿ. ಗಣಿತ ಅಥವಾ ವಿಜ್ಞಾನವಾದರೆ ಇನ್ನಷ್ಟು ಗಟ್ಟಿ. ಪದವಿ ಮತ್ತು ಬಿ.ಎಡ್. ಎರಡನ್ನೂ ಸೇರಿಸಿದ ನಾಲ್ಕು ವರ್ಷಗಳ ಐ.ಟಿ.ಇ.ಪಿ. ಶಿಕ್ಷಣ ನಮ್ಮ ಜಿಲ್ಲೆಯ ಪೆರಿಯದಲ್ಲಿರುವ ಕೇರಳ ಕೇಂದ್ರೀಯ ವಿಶ್ವವಿದ್ಯಾಲಯದಲ್ಲಿಯೇ ಇದೆ. ಪ್ರವೇಶಕ್ಕೆ ಎನ್.ಸಿ.ಇ.ಟಿ. ಎಂಬ ರಾಷ್ಟ್ರಮಟ್ಟದ ಪರೀಕ್ಷೆ ಬರೆಯಬೇಕು. ಹತ್ತನೆಯವರೆಗೆ ಕನ್ನಡದಲ್ಲಿ ಕಲಿತವರಿಗೆ ಇದು ಅಸಾಧ್ಯವೆಂದು ಹಿಂಜರಿಯಬೇಕಾಗಿಲ್ಲ. ವಿಷಯವನ್ನು ತಾಯ್ನುಡಿಯಲ್ಲಿ ಅರ್ಥಮಾಡಿಕೊಂಡವರಿಗೆ ಇಂಗ್ಲಿಷಿನಲ್ಲಿ ಹೇಳುವುದನ್ನು ಅಭ್ಯಾಸ ಮಾಡಲು ಪ್ಲಸ್ ಟು ಮತ್ತು ಪದವಿಯ ವರ್ಷಗಳಿವೆ. ಆ ಅಭ್ಯಾಸವನ್ನು ಮದುವೆ ನಿಶ್ಚಯವಾಗುವವರೆಗೆ ಮುಂದೂಡುವುದೇ ತೊಂದರೆಯ ಮೂಲ.

ಪದವಿಯಷ್ಟೇ ಮುಖ್ಯವಾದುದು ಕಾಗದಪತ್ರ. ನಮ್ಮಲ್ಲಿ ಅನೇಕರ ಎಸ್.ಎಸ್.ಎಲ್.ಸಿ. ಪುಸ್ತಕದಲ್ಲಿ ಹೆಸರಿನ ಜೊತೆ ಇನಿಶಿಯಲ್ ಇರುತ್ತದೆ. ಪಾಸ್‌ಪೋರ್ಟಿನಲ್ಲಿ ತಂದೆಯ ಹೆಸರೋ ಮನೆಹೆಸರೋ ಪೂರ್ಣವಾಗಿ ಬರುತ್ತದೆ. ಮದುವೆಯ ಬಳಿಕ ಗಂಡನ ಹೆಸರು ಸೇರುತ್ತದೆ. ಮೂರು ಕಾಗದಗಳಲ್ಲಿ ಮೂರು ಹೆಸರುಗಳಿದ್ದರೆ ದೃಢೀಕರಣ ಅಲ್ಲಿಯೇ ನಿಲ್ಲುತ್ತದೆ. ಮಂಗಳೂರು ಕಡೆಗೆ ಹೋಗಿ ಬಿ.ಎಡ್. ಮಾಡುವವರು ಇನ್ನೊಂದನ್ನು ಗಮನಿಸಬೇಕು: ಪ್ರಮಾಣಪತ್ರ ಯಾವ ರಾಜ್ಯದ್ದೋ ಆ ರಾಜ್ಯದ ದೃಢೀಕರಣ ಮೊದಲು ಬೇಕು. ಕೇರಳದ ಪ್ರಮಾಣಪತ್ರಗಳಿಗೆ ನೋರ್ಕಾ ರೂಟ್ಸ್ ಇದೆ. ಕರ್ನಾಟಕದವುಗಳಿಗೆ ಕರ್ನಾಟಕದ ಕಚೇರಿಗೇ ಹೋಗಬೇಕು. ಪದವಿ ಒಂದು ರಾಜ್ಯದ್ದು, ಬಿ.ಎಡ್. ಇನ್ನೊಂದರದ್ದಾದರೆ ಎರಡು ಕಡೆಯ ಓಡಾಟ. ಅನಂತರ ಯು.ಎ.ಇ.ಗಾದರೆ ವಿದೇಶಾಂಗ ಸಚಿವಾಲಯದ ಮತ್ತು ಆ ದೇಶದ ರಾಯಭಾರ ಕಚೇರಿಯ ಮುದ್ರೆ ಬೇಕಾಗುತ್ತದೆ. ಬಿ.ಎಡ್. ಅವಧಿಯ ಶಾಲಾ ತರಬೇತಿಯ ದಿನಗಳು, ತರಗತಿ, ವಿಷಯ ಇವನ್ನು ನಮೂದಿಸಿದ ಪತ್ರವನ್ನು ಕಾಲೇಜು ಬಿಡುವ ಮೊದಲೇ ಪಡೆದಿಟ್ಟುಕೊಳ್ಳುವುದು ಒಳಿತು. ಕಡಲಾಚೆಯಿಂದ ಕೇಳಿದರೆ ಅದು ಸಿಗುವುದು ತಡವಾಗಬಹುದು. ಹೊರದೇಶಗಳ ನಿಯಮಗಳು ಬದಲಾಗುತ್ತಲೂ ಇರುತ್ತವೆ. ಏಜೆಂಟರ ಮಾತಿಗಿಂತ ಆಯಾ ದೇಶದ ಅಧಿಕೃತ ಜಾಲತಾಣವೇ ಪ್ರಮಾಣ.

ಇಷ್ಟರ ಬಳಿಕ ನಮ್ಮ ಸಮುದಾಯ ಕೇಳಿಕೊಳ್ಳಬೇಕಾದ ಪ್ರಶ್ನೆಯೊಂದಿದೆ. ಕಲಿತವರೆಲ್ಲ ಹೊರಟರೆ ಇಲ್ಲಿಯ ಕನ್ನಡ ತರಗತಿಗಳಿಗೆ ಯಾರು? ಪ್ರೌಢಶಾಲೆಗಳ ಕನ್ನಡ ವಿಭಾಗಕ್ಕೆ ಕನ್ನಡ ಬಾರದ ಅಧ್ಯಾಪಕರನ್ನು ನೇಮಿಸಿದಾಗ ಮಕ್ಕಳೂ ಹೆತ್ತವರೂ ಪ್ರತಿಭಟಿಸಿದ್ದನ್ನು ಗಡಿನಾಡು ಮರೆತಿಲ್ಲ. ಹೋರಾಟ ನ್ಯಾಯವಾದುದೇ. ಆದರೆ ಕನ್ನಡದಲ್ಲಿ ಗಣಿತ, ವಿಜ್ಞಾನ ಕಲಿಸಬಲ್ಲ ಅರ್ಹರು ನಮ್ಮಲ್ಲಿಯೇ ಇಲ್ಲವಾದರೆ ಹೋರಾಟದ ಬಲ ಕುಗ್ಗುತ್ತದೆ.

ಇಲ್ಲಿ ಎರಡು ಅಗತ್ಯಗಳು ಒಂದೆಡೆ ಕೂಡುತ್ತವೆ. ಹೊರದೇಶ ಕೇಳುವುದು ತರಬೇತಿಯ ನಂತರದ ತರಗತಿಯ ಅನುಭವ. ನಮ್ಮ ಶಾಲೆಗಳಿಗೆ ಪ್ರತಿ ಜೂನ್ ತಿಂಗಳಲ್ಲಿ ದಿನವೇತನದ ಆಧಾರದಲ್ಲಾದರೂ ಬೇಕಾಗಿರುವುದು ಕನ್ನಡ ಬಲ್ಲ ಅಧ್ಯಾಪಕರು. ಬಿ.ಎಡ್. ಮುಗಿಸಿದವರು ಕೆ-ಟೆಟ್ ಬರೆದು, ಒಂದೆರಡು ವರ್ಷವಾದರೂ ಇಲ್ಲಿಯ ಪ್ರೌಢಶಾಲೆಯಲ್ಲಿ ಕಲಿಸಿ, ಮುಖ್ಯೋಪಾಧ್ಯಾಯರಿಂದ ಅವಧಿ, ವಿಷಯ, ತರಗತಿಗಳ ವಿವರವಿರುವ ಅನುಭವಪತ್ರ ಪಡೆದು ಹೊರಡಲಿ. ಅವರಿಗೆ ಅದು ಮುಂದಿನ ಅರ್ಜಿಗೆ ಆಧಾರ. ಒಂದು ತರಗತಿಯ ಮಕ್ಕಳಿಗೆ ಅರ್ಥವಾಗುವ ಭಾಷೆಯಲ್ಲಿ ಕಳೆದ ಒಂದು ಪೂರ್ಣ ವರ್ಷ.

ಹೋಗುವುದು ತಪ್ಪಲ್ಲ, ಕೊಲ್ಲಿಯ ದುಡಿಮೆಯಿಂದ ನಿಂತ ಮನೆಗಳು ನಮ್ಮ ಊರುಗಳಲ್ಲಿ ಎಷ್ಟೋ ಇವೆ. ಹೋದವರು ಹಿಂತಿರುಗುವುದೂ ಉಂಟು. ಆ ಹೊತ್ತಿಗೆ ಕೈಯಲ್ಲಿ ಪದವಿ, ಬಿ.ಎಡ್., ಕೆ-ಟೆಟ್ ಮೂರೂ ಇದ್ದರೆ ಊರಿನ ಪ್ರೌಢಶಾಲೆಯ ಬಾಗಿಲು ಮತ್ತೆ ತಟ್ಟಲು ಸಾಧ್ಯ. ಆ ಬಾಗಿಲ ಮೇಲೆ ಅಂದಿಗೂ ಕನ್ನಡದ ಫಲಕ ಇರಬೇಕಾದರೆ ಹೊರಡುವ ಮುನ್ನಿನ ಆ ಒಂದು ವರ್ಷವನ್ನು ಇಲ್ಲಿಯ ಮಕ್ಕಳಿಗೆ ಕೊಡೋಣ.