ಕ್ಯೂಸೆಕ್ ಬೇಡ, ಅಡಿ ಹೇಳಿ

ಮಳೆಗಾಲದಲ್ಲಿ ನಮಗೆ ಚುಂಚನಕಟ್ಟೆ ಅಂದ್ರೆ ಧನುಷ್ಕೋಟಿ ಜಲಪಾತ, ಬೈಕು, ರೀಲ್ಸ್. ದಡದ ಊರಿನವರಿಗೆ ಅದೇ ನೀರಿನ ಭಯ. ಅಲ್ಲಿ ಬಿಸಿಲಿದ್ದರೂ ಕಾವೇರಿ ಏರಬಹುದು, ಯಾಕಂದ್ರೆ ಮಳೆ ಬೀಳೋದು ಕೊಡಗಿನಲ್ಲಿ. 2018 ಮತ್ತು 2019ರ ಆಗಸ್ಟ್‌ನಲ್ಲಿ ಕೊಡಗಿನಲ್ಲಿ ಸುರಿದ ಮಳೆ ನೆನಪಿದೆಯಲ್ಲ?

ಹಾರಂಗಿಯಿಂದ ನೀರು ಬಿಟ್ಟಾಗ ಇಷ್ಟು ಸಾವಿರ ಕ್ಯೂಸೆಕ್, ನದಿಪಾತ್ರದವರು ಎಚ್ಚರದಿಂದಿರಿ ಅಂತ ಸುದ್ದಿ ಬರುತ್ತೆ. ಒಂದು ಕ್ಯೂಸೆಕ್ ಅಂದ್ರೆ ಸೆಕೆಂಡಿಗೆ ಸುಮಾರು 28 ಲೀಟರ್. ಇದು ನಮ್ಮ ಪರೀಕ್ಷೆಗೆ ಸಾಕು, ಅವರ ಮನೆಗೆ ಸಾಲದು. ನೀರು ಎಲ್ಲಿವರೆಗೆ ಬರುತ್ತೆ, ದನಗಳನ್ನು ಯಾವಾಗ ಬಿಚ್ಚಬೇಕು ಅನ್ನೋದು ಅವರಿಗೆ ಬೇಕು. ಅದೂ ಅಲ್ಲದೆ, ಹಾರಂಗಿ ಬಂದು ಸೇರುವ ಕೂಡಿಗೆಗಿಂತ ಮೇಲೆ ಕಾವೇರಿಗೆ ದೊಡ್ಡ ಅಣೆಕಟ್ಟೇ ಇಲ್ಲ. ಗೇಟೇ ಇಲ್ಲದ ಕಡೆ ಗೇಟು ತೆಗೆದ ಸುದ್ದಿ ಎಲ್ಲಿಂದ ಬರಬೇಕು?

ಆದ್ದರಿಂದ ಎಚ್ಚರಿಕೆ ಕಣ್ಣಿಗೆ ಕಾಣೋ ಹಾಗಿರಬೇಕು. ಮುಂದಿನ ಎನ್‌ಎಸ್‌ಎಸ್ ಕ್ಯಾಂಪನ್ನು ನದಿ ದಡದ ಊರಲ್ಲೇ ಮಾಡೋಣ. ಹಿರಿಯರನ್ನು ಕೇಳಿ, ಪಂಚಾಯ್ತಿ ಒಪ್ಪಿಗೆ ಪಡೆದು, ಹಿಂದೆ ನೀರು ಬಂದ ಮಟ್ಟವನ್ನು ಇಸವಿ ಸಮೇತ ಕಂಬಗಳ ಮೇಲೆ ಬರೆಯೋಣ. ಸರ್ವೆ ಲ್ಯಾಬಿನ ಲೆವೆಲಿಂಗ್ ಇದಕ್ಕಲ್ಲದೆ ಇನ್ಯಾತಕ್ಕೆ? ಯಾವ ಗುರುತು ಮುಟ್ಟಿದರೆ ಯಾವ ಮನೆಯವರು ಹೊರಡಬೇಕು, ಒಂಟಿ ಅಜ್ಜಿಯನ್ನು ಯಾರು ಕರ್ಕೊಂಡು ಹೋಗಬೇಕು ಅಂತ ಊರವರೇ ಮೊದಲೇ ತೀರ್ಮಾನಿಸಲಿ. ಆಧಾರ್, ಪಹಣಿ, ಮಾತ್ರೆ, ಟಾರ್ಚು ಒಂದೇ ಚೀಲದಲ್ಲಿರಲಿ. 112 ಮಕ್ಕಳಿಗೂ ಬಾಯಿಪಾಠವಾಗಲಿ.

ಇದು ಸರ್ಕಾರದ ಕೆಲಸ ಅಲ್ವಾ ಅಂತೀರಾ? ಹೌದು, ಕೇಳೋಣ. ಆದರೆ ನಡುರಾತ್ರಿ ನೀರು ಬಂದಾಗ ಮೊದಲು ಬಾಗಿಲು ತಟ್ಟೋರು ಪಕ್ಕದ ಮನೆಯವರೇ.