ದೈತ್ಯನೂ ಕೂಲಿಯವನೇ

ಜಟ್ಟಿಗಳ ಕಾಳಗದ ಪ್ರದರ್ಶನಕ್ಕೆ ಜನ ಮುಗಿಬೀಳುವುದು ಗೆಲ್ಲುವವನಿಗಿಂತ ಹೆಚ್ಚಾಗಿ ಬೀಳಬೇಕಾದವನಿಗಾಗಿ. ವಿಜಯಪುರ, ದೇವನಹಳ್ಳಿ ಸೀಮೆಯಲ್ಲಿ ಮೂಡಲಪಾಯದ ಬಯಲಾಟ ಕಂಡವರಿಗೆ ಇದನ್ನು ವಿವರಿಸಬೇಕಾಗಿಲ್ಲ. ರಾಕ್ಷಸ ಅಬ್ಬರಿಸಿಕೊಂಡು ಬಂದಾಗಲೇ ತೂಕಡಿಸುತ್ತಿದ್ದವನು ಎದ್ದು ಕೂರುವುದು. ಬಕಾಸುರನಿಲ್ಲದಿದ್ದರೆ ಭೀಮನಿಗೆ ಕೆಲಸವೆಲ್ಲಿ?

1950ರ ದಶಕದಲ್ಲಿ ದಾರಾ ಸಿಂಗ್ ಮತ್ತು ಕಿಂಗ್ ಕಾಂಗ್ ಜೋಡಿ ಭಾರತದಲ್ಲಿ ಮನೆಮಾತಾದದ್ದೂ ಇದರಿಂದಲೇ. ಹಂಗೆರಿ ಮೂಲದ ಎಮಿಲ್ ಝಾಯಾ ಎಂಬಾತನೇ ಈ ಕಿಂಗ್ ಕಾಂಗ್. ದೇಹದ ತೂಕ ಸುಮಾರು 180 ಕಿಲೋ. ಪರದೇಶದ ದೈತ್ಯನನ್ನು ಪಂಜಾಬಿನ ಹಳ್ಳಿಯ ಹುಡುಗ ಕೆಡವುವುದನ್ನು ಕಂಡು, ಆಗತಾನೆ ಸ್ವತಂತ್ರರಾಗಿದ್ದ ಜನ ಕೇಕೆ ಹಾಕಿದರು. 1962ರಲ್ಲಿ ದಾರಾ ಸಿಂಗ್ ನಾಯಕನಾದ ಹಿಂದಿ ಚಿತ್ರಕ್ಕೆ ‘ಕಿಂಗ್ ಕಾಂಗ್’ ಎಂದೇ ಹೆಸರಿಟ್ಟರು.

ಇಂಥ ಕಾಳಗದಲ್ಲಿ ಸೋಲು ಗೆಲುವು ಮೊದಲೇ ಗೊತ್ತುಮಾಡಿದ್ದು, ಇದೆಲ್ಲ ಮೋಸ ಎಂದು ಓದಿದವರು ಮೂಗು ಮುರಿಯುತ್ತಾರೆ. ಕೀಚಕ ಸಾಯುತ್ತಾನೆಂಬುದೂ ಎಲ್ಲರಿಗೂ ಗೊತ್ತು. ಆದರೂ ಬೆಳಗಿನವರೆಗೆ ಕೂರುವುದಿಲ್ಲವೆ? ಹಗಲೆಲ್ಲ ಮೇಸ್ತ್ರಿಯ ಬೈಗುಳ ನುಂಗಿದ ಕಾರ್ಮಿಕ, ಗೂಡಿನ ಮಾರುಕಟ್ಟೆಯಲ್ಲಿ ದೊಡ್ಡ ಕುಳಗಳ ಮುಂದೆ ಕೈಚೆಲ್ಲಿದ ಸಣ್ಣ ವ್ಯಾಪಾರಿ, ಒಂದು ಸಂಜೆಯಾದರೂ ದೊಡ್ಡವನು ಮಣ್ಣುಮುಕ್ಕುವುದನ್ನು ನೋಡಬಯಸಿದರೆ ಅದು ದಡ್ಡತನವಲ್ಲ. ಆಟ ಕಟ್ಟಿದ್ದಾದರೂ ಜನರ ಸಿಟ್ಟು ನಿಜವಾದುದು.

ನಮ್ಮ ಆಕ್ಷೇಪಣೆ ಬೇರೆ. ಆ ಸಿಟ್ಟು ಯಾರ ಮೇಲೆ ತಿರುಗುತ್ತಿದೆ? ಫ್ರಾನ್ಸಿನ ಆಂದ್ರೆಯ ದೇಹ ಹಾಗೆ ಬೆಳೆದದ್ದು ಗ್ರಂಥಿಯ ರೋಗದಿಂದ. 1986ರಲ್ಲಿ ಆತನ ಬೆನ್ನಿಗೆ ಶಸ್ತ್ರಚಿಕಿತ್ಸೆಯಾಯಿತು. ಮರುವರ್ಷವೇ ಅಮೆರಿಕದಲ್ಲಿ ಹಲ್ಕ್ ಹೋಗನ್ ಎದುರು ಖಳನಾಗಿ ನಿಂತು ಸೋತ. 1993ರಲ್ಲಿ 46ನೇ ವಯಸ್ಸಿಗೇ ತೀರಿಕೊಂಡ. ಹಿಮಾಚಲದ ಬಡ ಕುಟುಂಬದ ದಲೀಪ್ ಸಿಂಗ್ ರಾಣಾ ಶಿಮ್ಲಾದಲ್ಲಿ ಕಾವಲುಗಾರನಾಗಿದ್ದವನು. 2006ರಲ್ಲಿ ಅಮೆರಿಕದ ಅಖಾಡದಲ್ಲಿ ಆತ ‘ಗ್ರೇಟ್ ಖಲಿ’ ಎಂಬ ಖಳ. ಅಂದು ನಮಗೆ ಕಿಂಗ್ ಕಾಂಗ್ ಹೇಗೋ ಹಾಗೆ ಅಲ್ಲಿಯವರಿಗೆ ನಮ್ಮವನೇ ಪರದೇಶಿ ರಾಕ್ಷಸನಾದ!

ಅವರಿಬ್ಬರನ್ನೂ ಕುಣಿಸಿದ ಅಮೆರಿಕದ ಕಂಪನಿ, ಇಂದು ಡಬ್ಲ್ಯುಡಬ್ಲ್ಯುಇ ಎಂಬ ಹೆಸರಿನದು, ತನ್ನ ಜಟ್ಟಿಗಳನ್ನು ನೌಕರರೆಂದು ಒಪ್ಪುವುದಿಲ್ಲ. ‘ಸ್ವತಂತ್ರ ಗುತ್ತಿಗೆದಾರರು’ ಎಂದು ಬರೆದುಕೊಳ್ಳುತ್ತದೆ. 1989ರಲ್ಲಿ ನ್ಯೂಜೆರ್ಸಿ ರಾಜ್ಯದ ಕ್ರೀಡಾ ಕಟ್ಟಳೆಗಳಿಂದ ತಪ್ಪಿಸಿಕೊಳ್ಳಲು, ಇದು ಸ್ಪರ್ಧೆಯಲ್ಲ, ಬರಿಯ ಮನರಂಜನೆ ಎಂದು ಒಪ್ಪಿಕೊಂಡದ್ದೂ ಇದೇ ಕಂಪನಿ. ಗುತ್ತಿಗೆ ಎಂಬ ಮಾತಿನ ಅರ್ಥವನ್ನು ಮಿಲ್ಲಿನ ಬಾಗಿಲಲ್ಲಿ ನಿಂತವರಿಗೆ ನಾವು ಹೇಳಿಕೊಡಬೇಕೆ?

ಸಿಳ್ಳೆ ಹೊಡೆಯೋಣ, ಕೇಕೆ ಹಾಕೋಣ, ತಪ್ಪಿಲ್ಲ. ಆದರೆ ಕಣದಲ್ಲಿ ಬಿದ್ದವನು ಮೈ ಮಾರಿ ಉಣ್ಣುವವನು. ಬಂಡಿ ಅನ್ನ ಹೋಗುವುದು ಟಿಕೆಟ್ಟಿನ ಹಣ ಎಣಿಸುವವನ ಮನೆಗೆ.