ಕಡಲತೀರದ ಪ್ರವಾಸ ಮತ್ತು ಒಂದು ರಾತ್ರಿಯ ಬಾಡಿಗೆ

ಮಾರ್ಚ್ 31ರ ಲೆಕ್ಕಪತ್ರಗಳು ಒಂದು ಹಂತಕ್ಕೆ ಬಂದ ಮೇಲೆ, ಏಪ್ರಿಲ್ ಅಥವಾ ಮೇ ತಿಂಗಳಿನಲ್ಲಿ, ಸಿಬ್ಬಂದಿಯನ್ನು ಒಂದು ದಿನದ ಮಟ್ಟಿಗೆ ಕರಾವಳಿಗೆ ಕರೆದೊಯ್ಯುವ ರೂಢಿ ಶಿವಮೊಗ್ಗ ನಗರದ ಅಂಗಡಿ ಮುಂಗಟ್ಟುಗಳಲ್ಲಿಯೂ ಮಾಚೇನಹಳ್ಳಿ, ಭದ್ರಾವತಿಗಳ ಸಣ್ಣ ಕೈಗಾರಿಕೆಗಳಲ್ಲಿಯೂ ಉಂಟು. ಹಿಂದೆ ಈ ಪ್ರವಾಸವೆಂದರೆ ದೇವರ ದರ್ಶನ, ಊಟ, ಸಂಜೆ ಮೊಣಕಾಲುದ್ದದ ನೀರಿನಲ್ಲಿ ಅರ್ಧ ಗಂಟೆ. ಈಗ ಕಿರಿಯ ನೌಕರರ ಅಪೇಕ್ಷೆ ಬೇರೆಯಾಗಿದೆ. ಹಲಗೆಯ ಮೇಲೆ ನಿಂತು ಅಲೆಯನ್ನೇರುವ ಸರ್ಫಿಂಗ್ ಕ್ರೀಡೆಯನ್ನು ಒಮ್ಮೆಯಾದರೂ ಮಾಡಿ ನೋಡಬೇಕೆಂಬುದು ಅವರ ಆಸೆ. ಆಸೆಯಲ್ಲಿ ತಪ್ಪೇನೂ ಇಲ್ಲ. ಆದರೆ ಆಸೆ ಬದಲಾದರೂ ಪ್ರವಾಸದ ಏರ್ಪಾಡು ಮಾತ್ರ ಹಳೆಯದೇ ಆಗಿ ಉಳಿದಿದೆ. ಅಪಾಯವಿರುವುದು ಅಲ್ಲಿ.

ಈ ಕ್ರೀಡೆಗೆ ದೂರದೇಶಕ್ಕೆ ಹೋಗಬೇಕಾಗಿಲ್ಲ. ಮೂಲ್ಕಿಯಲ್ಲಿ 2004ರಲ್ಲಿ ಮಂತ್ರ ಸರ್ಫ್ ಕ್ಲಬ್ ಆರಂಭವಾಯಿತು. ಸಮೀಪದ ಸಸಿಹಿತ್ಲು ತೀರದಲ್ಲಿ 2016ರಲ್ಲಿ ಇಂಡಿಯನ್ ಓಪನ್ ಆಫ್ ಸರ್ಫಿಂಗ್ ಸ್ಪರ್ಧೆ ನಡೆಯಿತು. 2024 ಮತ್ತು 2025ರಲ್ಲಿಯೂ ಅದೇ ತೀರ ಅದಕ್ಕೆ ವೇದಿಕೆಯಾಯಿತು. ಟೋಕಿಯೋ ಒಲಿಂಪಿಕ್ಸ್‌ನಲ್ಲಿ, ಅಂದರೆ 2021ರಲ್ಲಿ, ಸರ್ಫಿಂಗ್ ಮೊದಲ ಬಾರಿಗೆ ಪದಕದ ಕ್ರೀಡೆಯಾದ ಮೇಲೆ ಇದರ ಹೆಸರು ಮಲೆನಾಡಿನ ಮನೆಗಳಿಗೂ ತಲುಪಿತು.

ಆದರೆ ಒಂದು ವಿಷಯವನ್ನು ಗಮನಿಸಬೇಕು. ಆ ಸ್ಪರ್ಧೆ ಮೇ ಕೊನೆ, ಜೂನ್ ಆರಂಭದ ಸುಮಾರಿಗೆ ನಡೆಯುವುದಕ್ಕೆ ಕಾರಣವಿದೆ: ಮುಂಗಾರಿಗೆ ಮುನ್ನ ಅಲೆಗಳು ದೊಡ್ಡದಾಗುತ್ತವೆ, ಪಳಗಿದವರಿಗೆ ಅದೇ ಬೇಕು. ಪತ್ರಿಕೆಯಲ್ಲಿ ಚೆಂದದ ಛಾಯಾಚಿತ್ರ ಬಂದ ವಾರವೇ ಕಲಿಯುವವನು ದಡದಲ್ಲಿ ಕುಳಿತು ನೋಡಬೇಕಾದ ವಾರ. ಏಪ್ರಿಲ್, ಮೇ ತಿಂಗಳುಗಳಿಗೆ ಇನ್ನೊಂದು ತೊಡಕೂ ಇದೆ. ದಕ್ಷಿಣ ಹಿಂದೂ ಮಹಾಸಾಗರದಲ್ಲಿ ಎಲ್ಲೋ ಎದ್ದ ಬಿರುಗಾಳಿಯ ಅಲೆಗಳು ಕೆಲವು ದಿನ ಸಾಗಿ ಬಂದು, ಇಲ್ಲಿ ಗಾಳಿಯೇ ಇಲ್ಲದ ದಿನದಂದು ದಡಕ್ಕೆ ನುಗ್ಗುತ್ತವೆ. ಕೇರಳದ ಮೀನುಗಾರರು ಇದಕ್ಕೆ ‘ಕಳ್ಳಕ್ಕಡಲ್’ ಎಂದು ಹೆಸರಿಟ್ಟಿದ್ದಾರೆ. ಕನ್ನಡಿಗರಿಗೆ ಅರ್ಥ ಬಿಡಿಸಿ ಹೇಳಬೇಕಿಲ್ಲ. ಹೈದರಾಬಾದಿನ ಭಾರತೀಯ ರಾಷ್ಟ್ರೀಯ ಸಾಗರ ಮಾಹಿತಿ ಸೇವಾ ಕೇಂದ್ರವು ಕರ್ನಾಟಕದ ಕರಾವಳಿಗೂ ಎತ್ತರದ ಅಲೆಗಳ ಮುನ್ನೆಚ್ಚರಿಕೆಯನ್ನು ಹೊರಡಿಸುತ್ತದೆ. ಬಸ್ಸಿಗೆ ಮುಂಗಡ ಕೊಡುವ ಮುನ್ನ ಅದನ್ನು ನೋಡಿದ ಸಂಸ್ಥೆಗಳು ಎಷ್ಟಿದ್ದಾವು?

ಸಸಿಹಿತ್ಲುವಿನಲ್ಲಿ ಅಲೆ ಒಡೆಯುವುದು ಬಂಡೆಯ ಮೇಲಲ್ಲ, ಮರಳದಿಬ್ಬದ ಮೇಲೆ. ಶಾಂಭವಿ ಮತ್ತು ನಂದಿನಿ ನದಿಗಳು ಕೂಡಿ ಸಮುದ್ರ ಸೇರುವ ಅಳಿವೆ ಅಲ್ಲಿಯೇ ಇದೆ. ನದಿ ತರುವ ಮರಳನ್ನು ಕಡಲು ಸರಿಸಾಡುತ್ತಲೇ ಇರುವುದರಿಂದ ಕಳೆದ ವರ್ಷ ಸೊಂಟದುದ್ದ ನೀರಿದ್ದ ಜಾಗ ಈ ವರ್ಷ ಆಳವಾಗಿರಬಹುದು. ಎರಡು ದಿಬ್ಬಗಳ ನಡುವಿನ ಕಾಲುವೆಯಲ್ಲಿ ದಡಕ್ಕೆ ಬಂದ ನೀರು ಸೆಳೆತವಾಗಿ ಹಿಂದಿರುಗುತ್ತದೆ. ಅಲ್ಲಿ ಅಲೆ ಒಡೆಯುವುದು ಕಡಿಮೆ. ಆದ್ದರಿಂದ ಹೊಸಬರ ಕಣ್ಣಿಗೆ ಅದೇ ಶಾಂತವಾದ, ಸುರಕ್ಷಿತವಾದ ಜಾಗವಾಗಿ ತೋರುತ್ತದೆ. ಇಳಿತದ ವೇಳೆ ಅಳಿವೆಯಿಂದ ಹೊರಹೋಗುವ ನದಿಯ ನೀರೂ ಅದರೊಂದಿಗೆ ಸೇರಿಕೊಳ್ಳುತ್ತದೆ. ಸೆಳೆತಕ್ಕೆ ಸಿಕ್ಕವನು ದಡದತ್ತ ಈಜಿ ಸುಸ್ತಾಗದೆ, ತೇಲುತ್ತ, ದಡಕ್ಕೆ ಸಮಾನಾಂತರವಾಗಿ ಪಕ್ಕಕ್ಕೆ ಸರಿಯಬೇಕು. ಹಲಗೆ ಇದ್ದರೆ ಅದನ್ನು ಬಿಡಕೂಡದು.

ಎರಕದ ಮನೆಯಲ್ಲಿ ಹಳೆಯ ಕೆಲಸಗಾರ ಅಚ್ಚಿನ ಮರಳನ್ನು ಮುಷ್ಟಿಯಲ್ಲಿ ಹಿಡಿದು ಅದರ ತೇವವನ್ನು ಹೇಳುತ್ತಾನೆ. ಅವನ ಮಾತು ಮೀರಿ ಲೋಹ ಸುರಿಯುವ ಮಾಲೀಕ ಭದ್ರಾವತಿಯಲ್ಲಿ ಇರಲಾರ. ಆ ತೀರದ ಮೀನುಗಾರನೂ ಸರ್ಫಿಂಗ್ ಶಿಕ್ಷಕನೂ ಮರಳದಿಬ್ಬವನ್ನು ಬೆಳಗ್ಗೆ ನೋಡಿ ಹೇಳುವ ಮಾತು ಅದೇ ಜಾತಿಯದು. ಅದಕ್ಕೆ ಶುಲ್ಕ ಕೊಡುವುದಕ್ಕೆ ಮಾತ್ರ ಕೈ ಹಿಂಜರಿಯುತ್ತದೆ. ತುಂಗೆಯಲ್ಲೋ ಭದ್ರೆಯಲ್ಲೋ ಈಜಿ ಬೆಳೆದವರ ಆತ್ಮವಿಶ್ವಾಸವೂ ಇಲ್ಲಿ ಅಡ್ಡಿಯೇ. ನದಿಯ ಸೆಳೆತಕ್ಕೆ ಒಂದೇ ದಿಕ್ಕು, ಎರಡು ದಡ. ಕಡಲಿಗೆ ಒಂದೇ ದಡ. (ಕೂಡಲಿಯಲ್ಲಿ ಸಂಗಮವಾಗುವ ಆ ನೀರು ಹರಿದು ಸೇರುವುದು ಪೂರ್ವದ ಬಂಗಾಳ ಕೊಲ್ಲಿಯನ್ನು, ಪಶ್ಚಿಮದ ಕಡಲಿನ ಪರಿಚಯ ಅದಕ್ಕೂ ಇಲ್ಲ.)

ಇನ್ನು ವೇಳೆಯ ಪ್ರಶ್ನೆ. ಬೆಳಗಿನ ಜಾವ ನೆಲದಿಂದ ಕಡಲಿನತ್ತ ಬೀಸುವ ಗಾಳಿಯಲ್ಲಿ ಅಲೆ ಓರಣವಾಗಿರುತ್ತದೆ. ಹೊತ್ತೇರಿದಂತೆ ಕಡಲಗಾಳಿ ಎದ್ದು ಮಧ್ಯಾಹ್ನದ ವೇಳೆಗೆ ನೀರೆಲ್ಲ ಕದಡುತ್ತದೆ. ಶಿವಮೊಗ್ಗದಿಂದ ತೀರ್ಥಹಳ್ಳಿ, ಆಗುಂಬೆ, ಉಡುಪಿಯ ಮೂಲಕ ಮೂಲ್ಕಿಗೆ ಸುಮಾರು ಐದು ಗಂಟೆಯ ದಾರಿ. ಬೆಳಗ್ಗೆ ಆರಕ್ಕೆ ಹೊರಟ ತಂಡ ತಿಂಡಿ, ದರ್ಶನ, ಊಟ ಮುಗಿಸಿ ನೀರಿಗಿಳಿಯುವುದು ಮೂರು ಗಂಟೆಗೆ: ಹೊಟ್ಟೆ ತುಂಬಿದೆ, ನಿದ್ದೆ ಕೆಟ್ಟಿದೆ, ಗಾಳಿ ಎದ್ದಿದೆ, ಶಿಕ್ಷಕರ ತರಗತಿ ಮುಗಿದಿದೆ. ಒಂದು ರಾತ್ರಿಯ ವಸತಿಯನ್ನು ಉಳಿಸಿದ್ದರ ಫಲವಿದು.

ತಿಂಗಳನ್ನೂ ಬದಲಾಯಿಸಬೇಕು. ದೀಪಾವಳಿಯ ನಂತರ ಫೆಬ್ರವರಿಯವರೆಗೆ ಅಲೆಗಳು ಸಾಮಾನ್ಯವಾಗಿ ಚಿಕ್ಕವು, ಕಲಿಕೆಗೆ ಅನುಕೂಲ. ಆದರೆ ತಿಂಗಳೊಂದೇ ಸಾಲದು. 2024ರ ಡಿಸೆಂಬರ್‌ನಲ್ಲಿ, ಕಡಲು ಸೌಮ್ಯವೆನ್ನುವ ಕಾಲದಲ್ಲಿಯೇ, ಮುಳಬಾಗಿಲು ತಾಲ್ಲೂಕಿನಿಂದ ಶಾಲಾ ಪ್ರವಾಸಕ್ಕೆ ಬಂದಿದ್ದ ನಾಲ್ವರು ವಿದ್ಯಾರ್ಥಿನಿಯರು ಮುರ್ಡೇಶ್ವರದಲ್ಲಿ ನೀರುಪಾಲಾದರು. ಒಳನಾಡಿನ ಮಕ್ಕಳು, ಗುಂಪು, ಅಪರಿಚಿತ ತೀರ. ಕಾರ್ಖಾನೆಯ ಬಸ್ಸಿನಲ್ಲಿ ಹೋಗುವವರ ಸ್ಥಿತಿ ಇದಕ್ಕಿಂತ ಬಹಳ ಭಿನ್ನವಲ್ಲ.

ಮಾಲೀಕರ ಹೊಣೆಯನ್ನೂ ಇಲ್ಲಿ ಹೇಳಬೇಕು. 1923ರ ಕಾರ್ಮಿಕ ಪರಿಹಾರ ಕಾಯಿದೆಯ ಕಾಲದಿಂದ ಕಾನೂನು ಕೇಳುತ್ತ ಬಂದಿರುವ ಪ್ರಶ್ನೆ ಒಂದೇ: ಅಪಘಾತ ಉದ್ಯೋಗದ ಕಾರಣದಿಂದ, ಉದ್ಯೋಗದ ಅವಧಿಯಲ್ಲಿ ಸಂಭವಿಸಿತೇ? ಸಂಸ್ಥೆಯೇ ದಿನ ಗೊತ್ತುಮಾಡಿ, ಬಸ್ಸು ಹಿಡಿದು, ಖರ್ಚನ್ನು ಸಿಬ್ಬಂದಿ ಕಲ್ಯಾಣದ ಖಾತೆಗೆ ಬರೆದ ಪ್ರವಾಸದ ಬಗ್ಗೆ ಆ ಪ್ರಶ್ನೆ ಎದ್ದರೆ, ‘ಅದು ಅವರ ಸ್ವಂತ ಮೋಜು’ ಎಂಬ ಉತ್ತರ ನಿಲ್ಲುತ್ತದೆಂಬ ಭರವಸೆಯಿಲ್ಲ. ಗುಂಪು ಅಪಘಾತ ವಿಮೆ ಇದೆಯೆಂದು ನೆಮ್ಮದಿಯಾಗಿರುವವರು ಪಾಲಿಸಿಯ ಹಿಂದಿನ ಪುಟಗಳನ್ನು ಓದಬೇಕು. ಸಾಹಸ ಕ್ರೀಡೆಗಳನ್ನು ಹೊರಗಿಡುವ ಷರತ್ತು ಅನೇಕ ಪಾಲಿಸಿಗಳಲ್ಲಿರುತ್ತದೆ. ಇದೊಂದನ್ನು ವಿಮಾ ಕಂಪನಿಯಿಂದ ಬರವಣಿಗೆಯಲ್ಲಿ ಪಡೆಯುವುದು ಉತ್ತಮ.

ಹಾಗಾದರೆ ಖರ್ಚು ಹೆಚ್ಚಾಗುವುದಿಲ್ಲವೇ ಎಂದರೆ, ಆಗುತ್ತದೆ. ಐವತ್ತು ಜನರನ್ನು ಒಂದೇ ಬಾರಿ ಒಯ್ಯುವ ಬದಲು ಇಪ್ಪತ್ತರಂತೆ ಒಯ್ದರೆ ಶಿಕ್ಷಕರ ಕಣ್ಣು ಎಲ್ಲರ ಮೇಲೂ ಇರುತ್ತದೆ. ಚಿಕ್ಕ ಬಸ್ಸಾದರೆ ಆಗುಂಬೆಯ ತಿರುವುಗಳಿಗೂ ಅನುಕೂಲ. ಈಜು ಬಾರದವರಿಗೂ ಇಷ್ಟವಿಲ್ಲದವರಿಗೂ, 2020ರಲ್ಲಿ ಬ್ಲೂ ಫ್ಲ್ಯಾಗ್ ಮಾನ್ಯತೆ ಪಡೆದ ಪಡುಬಿದ್ರಿಯ ತೀರ ಹತ್ತಿರದಲ್ಲಿಯೇ ಇದೆ. ಶನಿವಾರ ಮಧ್ಯಾಹ್ನ ಕೆಲಸ ನಿಲ್ಲಿಸಿ ಹೊರಟರೆ ರಾತ್ರಿಯ ಊಟಕ್ಕೆ ಮೂಲ್ಕಿ. ಭಾನುವಾರ ಆರೂವರೆಗೆ ಶಿಕ್ಷಕರೊಂದಿಗೆ ದಡದಲ್ಲಿ ನಿಂತು ಆ ದಿನದ ದಿಬ್ಬ, ಕಾಲುವೆಗಳನ್ನು ನೋಡಿಕೊಂಡು, ಅವರು ಬೇಡವೆಂದರೆ ಮರುಮಾತಿಲ್ಲದೆ ತಿಂಡಿಗೆ ಹೋಗುವುದು. ಆಗಬಹುದೆಂದರೆ ಒಂಬತ್ತರವರೆಗೆ ನೀರಿನಲ್ಲಿರುವುದು. ಮಧ್ಯಾಹ್ನದ ಊಟ ಉಡುಪಿಯಲ್ಲಿ ಮುಗಿಸಿ ಹೊರಟರೆ, ಬೆಳಕಿರುವಾಗಲೇ ಘಾಟಿ ಹತ್ತಬಹುದು.